ಜೋಸೆಫ್ ಪ್ಲಾಟೋ ಪಂಡಿತರ ಚರಿತ್ರೆ

ನೀರಿಗೆ ಎಣ್ಣೆಯನ್ನು ಬಿಟ್ಟರೆ ಅದು ಮೇಲಕ್ಕೆ ತೇಲುವುದೆಂಬುದನ್ನು ನಮ್ಮ ಆನೇಕಲ್ಲಿನ ಯಾವ ಮನೆಯ ಹೆಣ್ಣುಮಗಳಾದರೂ ಬಲ್ಲಳು. ಇಂತಹ ಅಲ್ಪ ಪದಾರ್ಥದಿಂದಲೇ ಘನವಾದ ಶಾಸ್ತ್ರವಿಚಾರವನ್ನು ನಡೆಸಿದ ಪುರುಷರೊಬ್ಬರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ.

ಜೋಸೆಫ್ ಪ್ಲಾಟೋ ಅವರು 1801ನೆಯ ಇಸವಿ ಅಕ್ಟೋಬರ್ 14ರಂದು, ಈಗ ಬೆಲ್ಜಿಯಂ ದೇಶಕ್ಕೆ ಸೇರಿರುವ ಬ್ರಸೆಲ್ಸ್ ಪಟ್ಟಣದಲ್ಲಿ ಜನಿಸಿದರು. ತಂದೆಯವರು ಹೂವುಗಳ ಚಿತ್ರವನ್ನು ಬರೆಯುವುದರಲ್ಲಿ ನಿಪುಣರು. ಬಾಲ್ಯದಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡ ಇವರನ್ನು ಸೋದರಮಾವನವರು ಸಾಕಿದರು. 1829ರಲ್ಲಿ ಲಿಯೇಜ್ ವಿಶ್ವವಿದ್ಯಾಲಯದ ಡಾಕ್ಟರ್ ಪದವಿಯನ್ನು ಪಡೆದು, 1832ರಲ್ಲಿ ಚಿತ್ರಗಳು ಚಲಿಸುವಂತೆ ತೋರುವ ಚಕ್ರವೊಂದನ್ನು ನಿರ್ಮಿಸಿ, 1835ರಲ್ಲಿ ಘೆಂಟ್ ನಗರದಲ್ಲಿ ಅಧ್ಯಾಪಕರಾದರು.

ಭೂಮಿಯ ಸೆಳೆತದ ಬಾಧೆಯಿಲ್ಲದಿದ್ದರೆ ದ್ರವವು ಯಾವ ಆಕಾರವನ್ನು ತಾಳುವುದೆಂಬುದೇ ಇವರ ಪ್ರಶ್ನೆಯಾಗಿತ್ತು. ಸತ್ಯವೇದದಲ್ಲಿ ನಾವು ಓದುವ ಎಣ್ಣೇಮರದ ಎಣ್ಣೆಯು, ಅಂದರೆ ಆಲಿವ್ ಎಣ್ಣೆಯು, ನೀರಿಗಿಂತ ಹಗುರವಾದದ್ದು, ಮದ್ಯಸಾರಕ್ಕಿಂತ ಭಾರವಾದದ್ದು. ಆದುದರಿಂದ ಇವೆರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಅದರೊಳಗೆ ಎಣ್ಣೆಯನ್ನು ಬಿಡಲು, ಅದು ಮೇಲೇರದೆ, ತಳಕ್ಕೂ ಇಳಿಯದೆ, ದುಂಡಾದ ಗೋಳವಾಗಿ ನಡುವೆ ನಿಂತಿತು. ಅದರ ಮಧ್ಯದಲ್ಲಿ ಚಿಕ್ಕ ಬಿಲ್ಲೆಯುಳ್ಳ ಸಣ್ಣ ಕಡ್ಡಿಯೊಂದನ್ನು ತೂರಿಸಿ ಮೆಲ್ಲನೆ ತಿರುಗಿಸಿದಾಗ, ಗೋಳವು ನಮ್ಮ ಭೂಮಿಯಂತೆಯೇ ಧ್ರುವಗಳಲ್ಲಿ ಚಪ್ಪಟೆಯಾಗಿ ನಡುವಿನಲ್ಲಿ ಉಬ್ಬಿತು. ವೇಗವನ್ನು ಹೆಚ್ಚಿಸಲು ಎಣ್ಣೆಯು ಬಳೆಯ ಆಕಾರವನ್ನು ತಾಳಿತು. ಕಡೆಗೆ ಆ ಬಳೆಯೂ ಒಡೆದು ಚಿಕ್ಕ ಚಿಕ್ಕ ಗೋಳಗಳಾದವು. ಇದು ಶನಿಗ್ರಹದ ಬಳೆಯನ್ನು ಹೋಲುವುದಾದರೂ ಹೋಲಿಕೆ ಮಾತ್ರವೇ. ಗ್ರಹಗಳನ್ನು ಒಟ್ಟಾಗಿ ಹಿಡಿದಿರುವುದು ಗುರುತ್ವಾಕರ್ಷಣೆ, ಹನಿಯನ್ನು ಹಿಡಿದಿರುವುದು ಮೇಲ್ಮೈಯ ಬಿಗಿತ.

ಈ ಪ್ರಬಂಧವು ಪ್ರಕಟವಾದ 1843ರಲ್ಲಿಯೇ ಅವರ ದೃಷ್ಟಿಯು ಪೂರ್ಣವಾಗಿ ನಾಶವಾಯಿತು. 1829ರಲ್ಲಿ ಅವರು ಪ್ರಯೋಗಾರ್ಥವಾಗಿ ಸುಮಾರು 25 ಸೆಕೆಂಡುಗಳ ಕಾಲ ಸೂರ್ಯನನ್ನು ದಿಟ್ಟಿಸಿದ್ದುದೇ ಕಾರಣವೆಂದು ನಾವೂ ತರಗತಿಯಲ್ಲಿ ಹೇಳುತ್ತಿದ್ದುದುಂಟು. ಅದು ಕಣ್ಣಿನೊಳಗಣ ದೀರ್ಘಕಾಲದ ಉರಿಯೂತದಿಂದ ಆಗಿರಬೇಕೆಂದು ಈಚಿನ ವಿಚಾರಕರ ಅಭಿಪ್ರಾಯ. ನಾವು ಕಲಿಸಿದ್ದನ್ನು ನಾವೇ ತಿದ್ದಿಕೊಳ್ಳುವುದು ಧರ್ಮ. ಆದರೂ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಬಾರದೆಂಬ ಎಚ್ಚರಿಕೆಯನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಕಣ್ಣು ಹೋದರೂ ಕೆಲಸವು ನಿಲ್ಲಲಿಲ್ಲ. ಮಗ ಫೆಲಿಕ್ಸ್, ಅಳಿಯ ವಾನ್ ಡೆರ್ ಮೆನ್ಸ್‌ಬ್ರುಗ್ಗೆ ಮತ್ತು ಮಿತ್ರರು ಪ್ರಯೋಗಗಳನ್ನು ನಡೆಸಿ, ಕಂಡುದನ್ನು ಕಂಡಂತೆಯೇ ವಿವರಿಸುತ್ತಿದ್ದರು. ಪ್ಲಾಟೋ ಅವರು ಕೇಳಿ, ಯೋಚಿಸಿ, ಬರೆಯಿಸುತ್ತಿದ್ದರು. ಹೀಗೆ 1873ರಲ್ಲಿ ಎರಡು ಸಂಪುಟಗಳ ಮಹಾಗ್ರಂಥವು ಹೊರಬಿದ್ದಿತು. 1883ನೆಯ ಇಸವಿ ಸೆಪ್ಟೆಂಬರ್ 15ರಂದು ಅವರು ಘೆಂಟ್ ನಗರದಲ್ಲಿ ದೈವಾಧೀನರಾದರು.

ತಿರುಗುವ ಹನಿಯ ಗಣಿತವನ್ನು 1965ರಲ್ಲಿ ಅಂದಿನ ಅವಿಭಜಿತ ಭಾರತದಲ್ಲಿ ಹುಟ್ಟಿದ ಎಸ್. ಚಂದ್ರಶೇಖರ್ ಅವರು ವಿಸ್ತರಿಸಿದರು. 1985ರಲ್ಲಿ ಟೇಲರ್ ವಾಂಗ್ ಎಂಬವರು ಆಕಾಶನೌಕೆಯಲ್ಲಿ, ಕೆಟ್ಟುನಿಂತ ಯಂತ್ರವನ್ನು ತಾವೇ ಸರಿಪಡಿಸಿ, ತೂಕ ತೋರದ ಸ್ಥಿತಿಯಲ್ಲಿ ಹನಿಗಳನ್ನು ತಿರುಗಿಸಿ ನೋಡಿದರು.

ಆ ಮನೆಯವರು ಕಂಡುದಕ್ಕೆ ಒಂದಿಷ್ಟು ಕೂಡಿಸಿಯೋ ಕಳೆದೋ ಹೇಳಿದ್ದರೆ ಆ ಗ್ರಂಥವೇ ಸುಳ್ಳಾಗುತ್ತಿತ್ತು. ನಮ್ಮ ಹುಡುಗಿಯರೆಲ್ಲರೂ ಪಂಡಿತರಾಗಲಾರರು. ಆದರೆ ದೇವರು ದಯಪಾಲಿಸಿದ ಕಣ್ಣುಗಳಿಂದ ಸರಿಯಾಗಿ ನೋಡಿ, ಕಂಡಷ್ಟನ್ನೇ ಹೇಳುವುದು ಎಲ್ಲರಿಗೂ ಸಾಧ್ಯ. ಅದನ್ನು ಕಲಿಸುವುದಕ್ಕಾಗಿಯೇ ನಾವು ಈ ಶಾಲೆಯಲ್ಲಿ ಇದ್ದೇವೆ.