ಸಮುದ್ರದ ಪ್ಲಾಂಕ್ಟನ್ ಶೇ. 90ರಷ್ಟು ಸತ್ತುಹೋಯಿತೇ? ಉತ್ತರ ಇರುವುದು ಅಲಿಸ್ಟರ್ ಹಾರ್ಡಿಯವರ ಪೆಟ್ಟಿಗೆಯಲ್ಲಿ

2022ರ ಜುಲೈನಲ್ಲಿ ಒಂದು ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಅಟ್ಲಾಂಟಿಕ್ ಸಾಗರದ ಪ್ಲಾಂಕ್ಟನ್‌ ಶೇ. 90ರಷ್ಟು ನಾಶವಾಗಿದೆ, ಇನ್ನು ಸಮುದ್ರದ ಕಥೆ ಮುಗಿಯಿತು ಎನ್ನುವುದು ಅದರ ತಿರುಳು. ಸ್ಕಾಟ್ಲೆಂಡ್‌ನ ಪತ್ರಿಕೆಯೊಂದರ ವರದಿ ಅದಕ್ಕೆ ಮೂಲ. ಆ ವರದಿಗೆ ಆಧಾರವಾಗಿದ್ದದ್ದು ಕೆಲವು ನೂರು ಮಾದರಿಗಳು ಮಾತ್ರ.

ಇದು ನಿಜವಲ್ಲ ಎಂದು ಸಮುದ್ರ ವಿಜ್ಞಾನಿಗಳು ಬೇಗನೇ ಹೇಳಿದರು. ಅಷ್ಟು ಧೈರ್ಯವಾಗಿ ಹೇಳಲು ಅವರಿಗೆ ಸಾಧ್ಯವಾದದ್ದು ಹೇಗೆ? ಅವರ ಬಳಿ ಹಲವು ದಶಕಗಳ ಲೆಕ್ಕವಿತ್ತು. ಎರಡೂವರೆ ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಎಣಿಸಿ, ಬರೆದಿಟ್ಟ ಲೆಕ್ಕ ಅದು. ಆ ಲೆಕ್ಕಕ್ಕೆ ಮೊದಲ ಗೆರೆ ಎಳೆದವರು ಅಲಿಸ್ಟರ್ ಹಾರ್ಡಿ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ. ಅವರು ತೀರಿಕೊಂಡು 40 ವರ್ಷ ದಾಟಿದೆ. ಅವರ ಪೆಟ್ಟಿಗೆ ಮಾತ್ರ ಇಂದಿಗೂ ಹಡಗುಗಳ ಹಿಂದೆ ಓಡುತ್ತಿದೆ.

ಮೊದಲು, ಪ್ಲಾಂಕ್ಟನ್ ಅಂದರೆ ಏನು?

ನೀರಿನ ಹರಿವು ಒಯ್ದ ಕಡೆಗೆ ತೇಲಿಹೋಗುವ ಜೀವಿಗಳೆಲ್ಲ ಪ್ಲಾಂಕ್ಟನ್. ಬಿಸಿಲು ಬಳಸಿ ಆಹಾರ ತಯಾರಿಸುವ ಕಣ್ಣಿಗೆ ಕಾಣದ ಪಾಚಿಗಳು ಸಸ್ಯ ಪ್ಲಾಂಕ್ಟನ್. ಅವನ್ನು ತಿನ್ನುವ ಪುಟ್ಟ ಪ್ರಾಣಿಗಳು ಪ್ರಾಣಿ ಪ್ಲಾಂಕ್ಟನ್. ಇವುಗಳಲ್ಲಿ ಬಹುಸಂಖ್ಯಾತರು ಕೋಪೆಪಾಡ್‌ಗಳು. ಸಿಗಡಿಯ ದೂರದ ನೆಂಟರು, ಗಾತ್ರ ಒಂದು ಅಕ್ಕಿ ಕಾಳಿಗಿಂತ ಚಿಕ್ಕದು. ಸಣ್ಣ ಮೀನು ಇವನ್ನು ತಿನ್ನುತ್ತದೆ, ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತದೆ. ನಮ್ಮ ಕರಾವಳಿಯ ಬೂತಾಯಿ, ಬಂಗುಡೆಗಳು ಬೆಳೆಯುವುದೂ ಪ್ಲಾಂಕ್ಟನ್ ತಿಂದೇ. ಹಾಗಾಗಿ ಕೋಪೆಪಾಡ್ ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ, ಯಾವಾಗ ತಿನ್ನುತ್ತದೆ ಎನ್ನುವುದು ಕೊನೆಗೆ ನಮ್ಮ ತಟ್ಟೆಯವರೆಗೂ ಬರುವ ಪ್ರಶ್ನೆ.

ಮೀನಿನ ಹೊಟ್ಟೆಯಿಂದ ಶುರುವಾದ ಕೆಲಸ

ಹಾರ್ಡಿ ಹುಟ್ಟಿದ್ದು 1896ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ. ತಂದೆ ಕಟ್ಟಡ ವಿನ್ಯಾಸಕಾರರು. ಮಗನಿಗೆ ಚಿತ್ರ ಬರೆಯುವ ಕೈಯೂ ಇತ್ತು, ಹುಳುಹುಪ್ಪಟೆಗಳ ಹುಚ್ಚೂ ಇತ್ತು. ಆಕ್ಸ್‌ಫರ್ಡ್‌ನಲ್ಲಿ ಓದಬೇಕೆನ್ನುವಾಗ ಮೊದಲ ಮಹಾಯುದ್ಧ ಬಂತು. ಸೇನೆಯಲ್ಲಿ ಅವರಿಗೆ ಸಿಕ್ಕ ಕೆಲಸಗಳಲ್ಲಿ ಒಂದು, ಶತ್ರುವಿನ ಕಣ್ಣಿಗೆ ಬೀಳದಂತೆ ಬಣ್ಣ ಬಳಿದು ಮರೆಮಾಡುವ ವಿದ್ಯೆ. ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್‌ಗೆ ಮರಳಿ ಪ್ರಾಣಿಶಾಸ್ತ್ರ ಓದಿದರು.

1921ರಲ್ಲಿ ಲೋವೆಸ್ಟಾಫ್ಟ್ ಎಂಬ ಬಂದರು ಊರಿನ ಸರ್ಕಾರಿ ಮೀನುಗಾರಿಕಾ ಪ್ರಯೋಗಾಲಯ ಸೇರಿದರು. ಅಲ್ಲಿ ಎಲ್ಲರ ಹೊಟ್ಟೆಪಾಡು ಹೆರಿಂಗ್ ಮೀನು. ಅದು ಬೂತಾಯಿಯ ನೆಂಟ. ಬೂತಾಯಿಯ ಹಾಗೆಯೇ ಅದೂ ಒಂದು ವರ್ಷ ರಾಶಿ ರಾಶಿ ಸಿಗುತ್ತದೆ, ಇನ್ನೊಂದು ವರ್ಷ ಕೈಕೊಡುತ್ತದೆ. ಯಾಕೆ ಹೀಗೆ ಎಂದು ತಿಳಿಯಲು ಹಾರ್ಡಿ ಹೆರಿಂಗ್‌ಗಳ ಹೊಟ್ಟೆ ಸೀಳಿ ನೋಡತೊಡಗಿದರು. ಮರಿಯಿಂದ ಹಿಡಿದು ಬಲಿತ ಮೀನಿನವರೆಗೆ ಯಾವ ವಯಸ್ಸಿನಲ್ಲಿ ಏನು ತಿನ್ನುತ್ತದೆ ಎಂದು ಪಟ್ಟಿ ಮಾಡಿದರು. ಬಲಿತ ಹೆರಿಂಗ್‌ನ ಹೊಟ್ಟೆಯಲ್ಲಿ ಮತ್ತೆ ಮತ್ತೆ ಸಿಕ್ಕ ಹೆಸರು ಕಲಾನಸ್. ಕೊಬ್ಬು ತುಂಬಿದ ಒಂದು ಕೋಪೆಪಾಡ್.

ಮುಂದೆ ಅವರು ಮೀನುಗಾರರಿಗೆಂದೇ ಒಂದು ಚಿಕ್ಕ ಲೋಹದ ಸಾಧನ ಮಾಡಿಕೊಟ್ಟರು. ದೋಣಿಯ ಹಿಂದೆ ಸ್ವಲ್ಪ ದೂರ ಎಳೆದರೆ ಅದರೊಳಗಿನ ರೇಷ್ಮೆ ಬಿಲ್ಲೆಯ ಮೇಲೆ ಪ್ಲಾಂಕ್ಟನ್ ಕೂರುತ್ತದೆ. ಕಲಾನಸ್ ಹೆಚ್ಚಿದ್ದ ನೀರಿನಲ್ಲಿ ಹೆರಿಂಗ್ ಕೂಡ ಸಾಮಾನ್ಯವಾಗಿ ಹೆಚ್ಚು ಸಿಗುತ್ತದೆ ಎಂದು 1930ರ ದಶಕದಲ್ಲಿ ಅವರ ತಂಡ ಅಂಕಿಗಳ ಸಮೇತ ತೋರಿಸಿತು.

ಬಲೆಗೆ ಸಿಗದ ಪ್ರಶ್ನೆಗೆ ಒಂದು ಪೆಟ್ಟಿಗೆ

1925ರಿಂದ 1927ರವರೆಗೆ ಹಾರ್ಡಿ ಡಿಸ್ಕವರಿ ಎಂಬ ಹಡಗಿನಲ್ಲಿ ದಕ್ಷಿಣ ಧ್ರುವದ ಕಡಲಿಗೆ ಹೋದರು. ತಿಮಿಂಗಿಲಗಳು ಮತ್ತು ಅವುಗಳ ಆಹಾರವಾದ ಕ್ರಿಲ್ ಬಗ್ಗೆ ತಿಳಿಯುವುದು ಆ ಯಾನದ ಉದ್ದೇಶ. ಅಲ್ಲಿ ಒಂದು ತೊಡಕು ಎದುರಾಯಿತು. ಪ್ಲಾಂಕ್ಟನ್ ಸಮುದ್ರದಲ್ಲಿ ಎಲ್ಲ ಕಡೆ ಸಮವಾಗಿ ಹರಡಿಕೊಂಡಿರುವುದಿಲ್ಲ. ಆಕಾಶದಲ್ಲಿ ಮೋಡಗಳಿದ್ದ ಹಾಗೆ ಇಲ್ಲೊಂದು ಗುಂಪು, ಅಲ್ಲೊಂದು ಗುಂಪು. ಹಡಗು ನಿಲ್ಲಿಸಿ ಒಂದು ಕಡೆ ಬಲೆ ಇಳಿಸಿದರೆ ಗುಂಪು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಕೆಲವೇ ಮಾದರಿ ಹಿಡಿದುಕೊಂಡು ಇಡೀ ಸಾಗರದ ಬಗ್ಗೆ ಮಾತಾಡುವುದು ಅಪಾಯ ಎಂದು ಹಾರ್ಡಿ ಆಗಲೇ ಕಂಡುಕೊಂಡಿದ್ದರು. 2022ರ ಸುದ್ದಿ ಎಡವಿದ್ದು ಇದೇ ಕಲ್ಲಿಗೆ.

ಪರಿಹಾರಕ್ಕೆ ಅವರು ಮಾಡಿದ ಸಾಧನವೇ ಕಂಟಿನ್ಯುಯಸ್ ಪ್ಲಾಂಕ್ಟನ್ ರೆಕಾರ್ಡರ್. ನಿಲ್ಲದೆ ದಾಖಲಿಸುವ ಪೆಟ್ಟಿಗೆ. ಸುಮಾರು ಒಂದು ಮೀಟರ್ ಉದ್ದದ ಲೋಹದ ಮೀನಿನಂತೆ ಕಾಣುತ್ತದೆ. ಮೂತಿಯಲ್ಲಿರುವ ಚಿಕ್ಕ ಕಿಂಡಿಯಿಂದ ನೀರು ಒಳಗೆ ಬರುತ್ತದೆ. ಒಳಗೆ ಸುರುಳಿ ಸುತ್ತಿದ ರೇಷ್ಮೆ ಬಟ್ಟೆ ನಿಧಾನವಾಗಿ ಸರಿಯುತ್ತಾ ಪ್ಲಾಂಕ್ಟನ್ ಸೋಸುತ್ತದೆ. ಅದರ ಮೇಲೆ ಇನ್ನೊಂದು ರೇಷ್ಮೆ ಪದರ ಕೂತು ಎಲ್ಲವನ್ನೂ ನಡುವೆ ಹಿಡಿದಿಟ್ಟು, ಕೆಡದಂತೆ ಫಾರ್ಮಲಿನ್ ಇರುವ ತೊಟ್ಟಿಯೊಳಗೆ ಸುತ್ತಿಕೊಳ್ಳುತ್ತದೆ. ಇದನ್ನೆಲ್ಲ ತಿರುಗಿಸಲು ಕರೆಂಟ್ ಬೇಡ. ಬಾಲದ ರೆಕ್ಕೆಯನ್ನು ನೀರೇ ತಿರುಗಿಸುತ್ತದೆ. ಎಷ್ಟು ಬಟ್ಟೆ ಸರಿದಿದೆ ಎಂದು ನೋಡಿದರೆ ಯಾವ ಪ್ಲಾಂಕ್ಟನ್ ಎಲ್ಲಿ ಸಿಕ್ಕಿತು ಎಂದು ಗೊತ್ತಾಗುತ್ತದೆ.

1928ರಲ್ಲಿ ಹಾರ್ಡಿ ಹಲ್ ನಗರದ ಯೂನಿವರ್ಸಿಟಿ ಕಾಲೇಜಿನ ಮೊದಲ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾದರು. ಪೆಟ್ಟಿಗೆಯನ್ನು ಚಿಕ್ಕದು ಮಾಡಿ, ಸರಕು ಸಾಗಿಸುವ ಸಾಮಾನ್ಯ ಹಡಗುಗಳಿಗೆ ಕಟ್ಟುವ ಉಪಾಯ ಹೂಡಿದರು. ಹಡಗು ತನ್ನ ವ್ಯಾಪಾರಕ್ಕೆ ಹೋಗುತ್ತದೆ, ವಿಜ್ಞಾನಕ್ಕೆ ಮಾದರಿ ಪುಕ್ಕಟೆಯಾಗಿ ಬರುತ್ತದೆ. 1931ರಲ್ಲಿ ಹಲ್‌ನಿಂದ ಜರ್ಮನಿಯ ಬ್ರೆಮೆನ್ ಕಡೆಗೆ ಮೊದಲ ಪೆಟ್ಟಿಗೆ ಹೊರಟಿತು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕೆಲಸ ನಿಂತಿತ್ತು, ಆಮೇಲೆ ಮತ್ತೆ ಶುರುವಾಯಿತು. ಇಂದು ಪ್ಲಿಮತ್‌ನ ಸಮುದ್ರ ಜೀವಶಾಸ್ತ್ರ ಸಂಘ ಇದನ್ನು ನಡೆಸುತ್ತದೆ. ಲೆಕ್ಕ ಹಳೆಯದರ ಜೊತೆ ಹೋಲಿಕೆಯಾಗಬೇಕು ಎಂದು ಇಂದಿಗೂ ರೇಷ್ಮೆಯನ್ನೇ ಬಳಸುತ್ತಾರೆ.

ಹೆಸರು ದೊಡ್ಡದಾದರೆ ಸಾಕೇ?

ಹಾರ್ಡಿ ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದರು. 1957ರಲ್ಲಿ ಸರ್ ಪದವಿ ಬಂತು. ತಾವೇ ಬರೆದ ಬಣ್ಣದ ಚಿತ್ರಗಳೊಂದಿಗೆ ಸಮುದ್ರದ ಬಗ್ಗೆ ಜನಪ್ರಿಯ ಪುಸ್ತಕಗಳನ್ನು ತಂದರು. 1960ರಲ್ಲಿ ಇನ್ನೊಂದು ಮಾತನ್ನೂ ಹೇಳಿದರು. ಮನುಷ್ಯನ ಪೂರ್ವಜರು ಒಂದು ಕಾಲದಲ್ಲಿ ನೀರಿನಲ್ಲೇ ಹೆಚ್ಚು ಹೊತ್ತು ಬದುಕುತ್ತಿದ್ದಿರಬಹುದು, ಮೈಮೇಲೆ ಕೂದಲು ಕಡಿಮೆಯಾದದ್ದು ಅದಕ್ಕೇ ಇರಬಹುದು ಎಂಬ ಊಹೆ. ಈ ನೀರು ಕಪಿಯ ಕಥೆ ಇಂದಿಗೂ ಫಾರ್ವರ್ಡ್ ಆಗುತ್ತಿರುತ್ತದೆ. ಬಹುತೇಕ ಮಾನವಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಅದಕ್ಕೆ ಬೇಕಾದ ಪಳೆಯುಳಿಕೆಗಳ ಆಧಾರ ಸಿಕ್ಕಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಎರಡೂ ಒಬ್ಬರದೇ ಕೆಲಸ. ಒಂದರ ಹಿಂದೆ ಲೆಕ್ಕವಿದೆ, ಇನ್ನೊಂದರ ಹಿಂದೆ ಊಹೆ ಇದೆ. ದೊಡ್ಡ ವಿಜ್ಞಾನಿ ಹೇಳಿದರು ಎಂಬ ಕಾರಣಕ್ಕೆ ಊಹೆ ನಿಜವಾಗಲಿಲ್ಲ. 1985ರ ಮೇನಲ್ಲಿ ಹಾರ್ಡಿ ತೀರಿಕೊಂಡರು.

ಅವರು ಹೋದ ಮೇಲೆ ಪೆಟ್ಟಿಗೆ ಹೇಳಿದ್ದು

ಸಮುದ್ರ ಬಿಸಿಯಾಗುತ್ತಿರುವುದರ ಪರಿಣಾಮ ಈ ರೇಷ್ಮೆಯ ಮೇಲೆಯೇ ಕಂಡಿತು. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಸುಮಾರು 40 ವರ್ಷಗಳಲ್ಲಿ ಬೆಚ್ಚನೆ ನೀರಿನ ಕೋಪೆಪಾಡ್‌ಗಳು ಉತ್ತರಕ್ಕೆ ಸುಮಾರು 1000 ಕಿಲೋಮೀಟರ್ ಸರಿದಿವೆ ಎಂದು 2002ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಣ್ಣೀರಿನವು ಇನ್ನೂ ಉತ್ತರಕ್ಕೆ ಹಿಂದೆ ಸರಿದವು.

ಉತ್ತರ ಸಮುದ್ರದಲ್ಲಿ ಹಾರ್ಡಿ ಕಂಡ ತಣ್ಣೀರಿನ ಕಲಾನಸ್ ಕಡಿಮೆಯಾಗಿ, ಬೆಚ್ಚನೆ ನೀರಿನ ಅದರ ಸೋದರ ಜಾತಿ ಹೆಚ್ಚಾಗಿದೆ. ಒಂದು ಹೋಗಿ ಇನ್ನೊಂದು ಬಂತಲ್ಲ, ನಷ್ಟವೇನು ಅನ್ನಬಹುದು. ಮೊದಲನೆಯದು ಉಣ್ಣುವುದು, ಹೆಚ್ಚುವುದು ವಸಂತ ಕಾಲದಲ್ಲಿ. ಎರಡನೆಯದರ ಸುಗ್ಗಿ ತಡವಾಗಿ, ಚಳಿಗಾಲ ಹತ್ತಿರವಾದಾಗ. ಕಾಡ್ ಎಂಬ ಮೀನಿನ ಮರಿಗಳು ವಸಂತದಲ್ಲಿ ಬಾಯಿ ತೆರೆದು ಕಾಯುತ್ತವೆ, ಆಗ ಊಟ ಬಡಿಸಿರುವುದಿಲ್ಲ. ಅತಿಯಾಗಿ ಮೀನು ಹಿಡಿದದ್ದರ ಜೊತೆಗೆ ಇದೂ ಸೇರಿ ಅಲ್ಲಿನ ಕಾಡ್‌ಗೆ ಪೆಟ್ಟು ಕೊಟ್ಟಿತು.

ಬಿಸಿ ನೀರು ಊಟವನ್ನೂ ಬದಲಿಸುತ್ತದೆ. ಕೋಪೆಪಾಡ್‌ಗೆ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಆಗದು. ನೀರು ಬೆಚ್ಚಗಾದಂತೆ ಅದರ ಹಸಿವು ಹೆಚ್ಚುತ್ತದೆ, ದೇಹದ ಖರ್ಚೂ ಹೆಚ್ಚುತ್ತದೆ. ಒಂದು ಮಿತಿ ದಾಟಿದರೆ ತಿನ್ನುವುದೇ ಕಡಿಮೆಯಾಗುತ್ತದೆ. ಅತ್ತ ಮೇಲಿನ ನೀರು ಬಿಸಿಯಾಗಿ ಕೆಳಗಿನ ತಣ್ಣೀರಿನ ಜೊತೆ ಬೆರೆಯದಿದ್ದರೆ ಪಾಚಿಗಳಿಗೆ ಗೊಬ್ಬರ ಸಿಗುವುದಿಲ್ಲ. ಅಂಥ ನೀರಿನಲ್ಲಿ ಬಹಳ ಸಣ್ಣ ಪಾಚಿಗಳದ್ದೇ ಮೇಲುಗೈ. ದೊಡ್ಡ ಕೋಪೆಪಾಡ್‌ಗಳಿಗೆ ಅಷ್ಟು ಸಣ್ಣದನ್ನು ಹಿಡಿದು ತಿನ್ನುವುದು ಕಷ್ಟ.

ಇನ್ನು ಪ್ಲಾಸ್ಟಿಕ್. ಪೆಟ್ಟಿಗೆಗೆ ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡದ್ದು 1957ರಲ್ಲೇ ದಾಖಲಾಗಿದೆ. 1965ರಲ್ಲಿ ಐರ್ಲೆಂಡ್ ಬಳಿ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತು. 2004ರಲ್ಲಿ ಹಳೆಯ ರೇಷ್ಮೆ ಸುರುಳಿಗಳನ್ನು ತೆಗೆದು ನೋಡಿದಾಗ 1960ರ ದಶಕದ ಮಾದರಿಗಳಲ್ಲೂ ಪ್ಲಾಸ್ಟಿಕ್ ಎಳೆಗಳಿದ್ದವು. ನಂತರದ ದಶಕಗಳಲ್ಲಿ ಅವು ಹೆಚ್ಚಾಗಿದ್ದವು.

ಕೋಪೆಪಾಡ್ ಅದನ್ನು ತಿನ್ನುತ್ತದೆಯೇ? ಪ್ರಯೋಗಾಲಯದಲ್ಲಿ ತಿಂದಿದೆ. 2013ರ ಪ್ರಯೋಗದಲ್ಲಿ 15 ಬಗೆಯ ಪ್ರಾಣಿ ಪ್ಲಾಂಕ್ಟನ್‌ಗಳ ಪೈಕಿ 13 ಬಗೆಯವು ಪ್ಲಾಸ್ಟಿಕ್ ಮಣಿಗಳನ್ನು ನುಂಗಿದವು. 2015ರ ಇನ್ನೊಂದು ಪ್ರಯೋಗದಲ್ಲಿ ಪ್ಲಾಸ್ಟಿಕ್ ಮಣಿ ಬೆರೆಸಿದ ನೀರಿನಲ್ಲಿದ್ದ ಕಲಾನಸ್‌ಗಳು ಸಣ್ಣ ಪಾಚಿಗಳ ಕಡೆಗೆ ತಿರುಗಿ, ಆಹಾರದಿಂದ ಪಡೆಯುವ ಇಂಗಾಲ ಶೇ. 40ರಷ್ಟು ಕಡಿಮೆಯಾಯಿತು. ಆದರೆ ಒಂದು ಎಚ್ಚರಿಕೆ. ಆ ನೀರಿಗೆ ಹಾಕಿದ್ದ ಪ್ಲಾಸ್ಟಿಕ್ ಪ್ರಮಾಣ ತೆರೆದ ಸಮುದ್ರದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಎಲ್ಲ ಸಮುದ್ರದಲ್ಲೂ ಊಟ ಶೇ. 40 ಕಡಿಮೆಯಾಗಿದೆ ಎಂದು ಯಾರಾದರೂ ಕಳಿಸಿದರೆ ಅದೂ ತಪ್ಪು.

ಕೊನೆಗೆ ಏನು ನಂಬಬೇಕು?

ಹೇಳಿಕೆ: ಅಟ್ಲಾಂಟಿಕ್‌ನ ಪ್ಲಾಂಕ್ಟನ್ ಶೇ. 90ರಷ್ಟು ನಾಶವಾಗಿದೆ. ಇದು ಸುಳ್ಳು.

ನಿಜ: ಪ್ಲಾಂಕ್ಟನ್ ಇದೆ, ಆದರೆ ಯಾವ ಜಾತಿ, ಎಲ್ಲಿ, ಯಾವ ತಿಂಗಳು, ಏನು ತಿನ್ನುತ್ತಿದೆ ಎನ್ನುವುದು ಬದಲಾಗುತ್ತಿದೆ. ಇದು ಅಷ್ಟು ಭಯಂಕರವಾಗಿ ಕೇಳಿಸುವುದಿಲ್ಲ. ಆದರೆ ಮೀನಿಗೂ ಮೀನುಗಾರರಿಗೂ ಬಿಸಿ ತಟ್ಟುವುದು ಇದರಿಂದಲೇ. ಸುಳ್ಳು ಸುದ್ದಿ ಹರಡಿ ಬಯಲಾದರೆ, ಮುಂದೆ ನಿಜವಾದ ಎಚ್ಚರಿಕೆಯನ್ನೂ ಜನ ನಂಬುವುದಿಲ್ಲ. ಅದೇ ದೊಡ್ಡ ನಷ್ಟ.

ಮುಂದಿನ ಸಲ ಇಂಥ ಸಂದೇಶ ಬಂದರೆ ಕಳಿಸಿದವರನ್ನು ಎರಡೇ ಪ್ರಶ್ನೆ ಕೇಳಿ. ಎಷ್ಟು ಮಾದರಿ ನೋಡಿದ್ದಾರೆ? ಎಷ್ಟು ವರ್ಷ ನೋಡಿದ್ದಾರೆ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.