ಸುರಪುರದ ಟೇಲರ್ ಸಾಹೇಬರು ಮತ್ತು ಮನೆಯ ಬರವಣಿಗೆ



ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆದರೆ ಟೇಲರ್ ಎಂಬುವರು ಯಾರು, ಅವರು ಏನು ಓದಿದ್ದರು ಎಂದು ತರಗತಿಯಲ್ಲಿ ಕೇಳಿದರೆ, ದೊಡ್ಡ ಕಾಲೇಜಿನಲ್ಲಿ ಓದಿ ಬಂದ ಆಂಗ್ಲ ಅಧಿಕಾರಿ ಎಂದೇ ಮಕ್ಕಳು ಹೇಳುತ್ತಾರೆ. ನಿಜ ಸಂಗತಿ ಬೇರೆ. ಅವರು ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟವರು. ಮುಂದೆ ಅವರು ಕಲಿತದ್ದೆಲ್ಲ ಸ್ವಂತ ಪರಿಶ್ರಮದಿಂದ.

ಫಿಲಿಪ್ ಮೆಡೋಸ್ ಟೇಲರ್ ಅವರು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದರು. ತಂದೆಯ ವ್ಯಾಪಾರ ಕೈಕೊಟ್ಟಿತು. ಬಾಲಕ ಓದು ನಿಲ್ಲಿಸಿ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿ ಕೂರಬೇಕಾಯಿತು. 1824ರಲ್ಲಿ, ಇನ್ನೂ 15ರ ಹರೆಯದಲ್ಲಿ, ಮುಂಬಯಿಯ ಒಂದು ವ್ಯಾಪಾರ ಸಂಸ್ಥೆಯಲ್ಲಿ ಕೆಲಸವಿದೆ ಎಂಬ ಭರವಸೆಯಿಂದ ಹಡಗು ಹತ್ತಿದರು. ಬಂದು ನೋಡಿದರೆ ಆ ವ್ಯಾಪಾರವೂ ಕುಸಿದಿತ್ತು. ಪರಿಚಿತರ ಸಹಾಯದಿಂದ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಒಂದು ಕೆಲಸ ದೊರೆಯಿತು.

ಇಲ್ಲಿಂದಲೇ ಅವರ ನಿಜವಾದ ವಿದ್ಯಾಭ್ಯಾಸ ಆರಂಭವಾಯಿತು ಎನ್ನಬಹುದು. ಹಗಲು ನೌಕರಿ, ಬಿಡುವಿನಲ್ಲಿ ಓದು. ಹಿಂದೂಸ್ತಾನಿ ಕಲಿತರು, ಫಾರಸಿ ಕಲಿತರು, ಮರಾಠಿ ಕಲಿತರು. ಕಾನೂನು, ಭೂಮಾಪನ, ಭೂಗರ್ಭಶಾಸ್ತ್ರಗಳನ್ನೂ ತಾವೇ ಓದಿಕೊಂಡರು. ಚಿತ್ರ ಬರೆಯುವ ಹವ್ಯಾಸವೂ ಇತ್ತು. ಪುಸ್ತಕದ ಜೊತೆಗೆ ಜನರ ಮಾತನ್ನು ಕೇಳುವ ಅಭ್ಯಾಸವೂ ಅವರಿಗಿತ್ತು. ಸಂತೆಯಲ್ಲಿ, ಕಚೇರಿಯಲ್ಲಿ, ಪ್ರವಾಸದ ಬಿಡಾರದಲ್ಲಿ ಕೇಳಿದ್ದು ಅವರ ಮನಸ್ಸಿನಲ್ಲಿ ಉಳಿಯುತ್ತಿತ್ತು.

ಆ ಕಾಲದಲ್ಲಿ ದಾರಿಹೋಕರನ್ನು ನಂಬಿಸಿ ಕೊಲ್ಲುತ್ತಿದ್ದ ಥಗ್ಗರ ಹಾವಳಿ ಬಹಳವಾಗಿತ್ತು. ಸಿಕ್ಕಿಬಿದ್ದ ಥಗ್ಗರ ಬಾಯಿಂದಲೇ ಅವರ ಕೃತ್ಯಗಳನ್ನು ಕೇಳುವ ಅವಕಾಶ ಟೇಲರ್ ಅವರಿಗೆ ಒದಗಿತು. ಬೇರೆಯವರಾಗಿದ್ದರೆ ಸರ್ಕಾರಿ ವರದಿ ಬರೆದು ಸುಮ್ಮನಾಗುತ್ತಿದ್ದರು. ಇವರು ಅದನ್ನು ಕಾದಂಬರಿಯಾಗಿ ಬರೆದರು. 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ಕನ್ಫೆಷನ್ಸ್ ಆಫ್ ಎ ಥಗ್' ಅವರನ್ನು ಪ್ರಸಿದ್ಧರನ್ನಾಗಿ ಮಾಡಿತು. ಮರುವರ್ಷ ಟಿಪ್ಪು ಸುಲ್ತಾನರ ಕಾಲವನ್ನು ಕುರಿತ ಕಾದಂಬರಿ ಬಂದಿತು. ಲಂಡನ್ನಿನ 'ಟೈಮ್ಸ್' ಪತ್ರಿಕೆಗೂ ಭಾರತದಿಂದ ಅನೇಕ ವರ್ಷ ಬರೆಯುತ್ತಿದ್ದರು.

ರಜೆ ಮುಗಿಸಿ ಮರಳಿದ ಅವರನ್ನು 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಕಳುಹಿಸಲಾಯಿತು. ಮರುವರ್ಷ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡರು. ಮಗ ವೆಂಕಟಪ್ಪ ನಾಯಕ ಇನ್ನೂ ಎಳೆಯ ಬಾಲಕ. 1853ರಲ್ಲಿ ರಾಜರು ಅಧಿಕಾರ ವಹಿಸಿಕೊಳ್ಳುವವರೆಗೆ ಟೇಲರ್ ಅವರು ಆಡಳಿತ ನೋಡಿಕೊಂಡರು. ಬಾಲಕನ ವಿದ್ಯಾಭ್ಯಾಸದ ಕಡೆಗೂ ಗಮನ ಕೊಟ್ಟರು. ಆ ಬಾಲಕ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ.

ಈ ಕೆಲಸಗಳ ನಡುವೆಯೂ ಅವರ ಲೇಖನಿ ನಿಲ್ಲಲಿಲ್ಲ. ಸುರಪುರ ಸೀಮೆಯ ರಾಜನಕೋಳೂರಿನ ಕಲ್ಗೋರಿಗಳನ್ನೂ ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನೆಟ್ಟ ಬಂಡೆಗಳನ್ನೂ ನೋಡಿ, ಅಳೆದು ಬರೆದರು. ದನ ಕಾಯುವವರು ನಿತ್ಯ ನೋಡುತ್ತಿದ್ದ ಕಲ್ಲುಗಳೇ ಅವು! ಅವು ಸಾವಿರಾರು ವರ್ಷಗಳ ಹಿಂದಿನ ಜನರ ಗುರುತುಗಳೆಂದು ಹೊರಗಿನ ವಿದ್ವಾಂಸರಿಗೆ ತಿಳಿದದ್ದು ಅವರು ಬರೆದಿಟ್ಟ ಕಾರಣದಿಂದ.

1858ರಲ್ಲಿ ದುಃಖದ ಘಟನೆ ನಡೆಯಿತು. ಯುವಕ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಯಾದರು. ಸೆರೆಯಲ್ಲಿದ್ದ ರಾಜರನ್ನು ಟೇಲರ್ ಅವರು ಹೋಗಿ ಕಂಡರು. ಮರಣದಂಡನೆ ಕಡಿಮೆಯಾಗಿ, ಸೆರೆವಾಸಕ್ಕೆಂದು ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ರಾಜರು ಗುಂಡು ತಗುಲಿ ಅಸುನೀಗಿದರು. ಇಂದು ನಾವು ಅವರನ್ನು ಸ್ವಾತಂತ್ರ್ಯದ ಹೋರಾಟಗಾರರೆಂದು ಗೌರವಿಸುತ್ತೇವೆ. ಟೇಲರ್ ಅವರು ಎಷ್ಟೇ ಪ್ರೀತಿ ತೋರಿದರೂ ಆಳುವವರ ಪಕ್ಷದಲ್ಲಿದ್ದವರು ಎಂಬುದನ್ನೂ ಮರೆಯಬಾರದು.

1860ರಲ್ಲಿ ಆರೋಗ್ಯ ಕೆಟ್ಟು ಅವರು ಭಾರತ ಬಿಟ್ಟು ಐರ್ಲೆಂಡಿಗೆ ಹೋಗಿ ನೆಲೆಸಿದರು. ಮನೆಯಲ್ಲಿ ಕುಳಿತು ಮತ್ತೆ ಬರೆಯತೊಡಗಿದರು. ಬಿಜಾಪುರದ ಆದಿಲ್‌ಶಾಹಿ ಕಾಲದ 'ತಾರಾ' 1863ರಲ್ಲಿ, 'ರಾಲ್ಫ್ ಡಾರ್ನೆಲ್' 1865ರಲ್ಲಿ, 1857ರ ದಂಗೆಯ ಕಾಲದ 'ಸೀತಾ' 1872ರಲ್ಲಿ ಹೊರಬಂದವು. ಕೊನೆಗಾಲದಲ್ಲಿ ದೃಷ್ಟಿ ಹೋಯಿತು. ಹೈದರಾಬಾದನ್ನು ಇನ್ನೊಮ್ಮೆ ಕಾಣಬೇಕೆಂದು ಬಂದು, ಮರಳುವ ದಾರಿಯಲ್ಲಿ ಫ್ರಾನ್ಸಿನ ಮೆಂಟನ್ ಎಂಬಲ್ಲಿ 1876ರ ಮೇ 13ರಂದು ನಿಧನರಾದರು. ಅವರ ಆತ್ಮಚರಿತ್ರೆಯನ್ನು ಮಗಳು ಸಿದ್ಧಪಡಿಸಿ 1877ರಲ್ಲಿ ಪ್ರಕಟಿಸಿದರು. ವೀರರಾಣಿ ಚಾಂದ್ ಬೀಬಿಯವರನ್ನು ಕುರಿತ ಕಾದಂಬರಿ 1878ರಲ್ಲಿ ಬೆಳಕು ಕಂಡಿತು.

ಮಿತ್ರರೇ, ಈ ಜೀವನದಿಂದ ನಾವು ಕಲಿಯಬೇಕಾದದ್ದೇನು? ಶಾಲೆ ಬಿಟ್ಟರೂ ಪರವಾಗಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಶಾಲೆಯ ಗಂಟೆ ಬಾರಿಸಿದ ಮೇಲೂ ಓದು ಬರಹ ಮುಂದುವರಿಯಬೇಕು ಎಂಬುದೇ ಪಾಠ. ನಮ್ಮ ಮಕ್ಕಳು ಪರೀಕ್ಷೆಗಾಗಿ ಗೈಡು ನೋಡಿ ಪ್ರಬಂಧ ಬರೆಯುತ್ತಾರೆ. ನಿನ್ನ ಓಣಿಯ ಬಗ್ಗೆ ಹತ್ತು ಸಾಲು ಬರೆ ಎಂದರೆ ಪೆನ್ನು ಹಿಡಿದು ಸುಮ್ಮನೆ ಕೂರುತ್ತಾರೆ. ಮಕ್ಕಳಿಗೆ ಮಾತು ಬರುವುದಿಲ್ಲ ಎಂದಲ್ಲ. ಅದನ್ನು ಬರೆಯಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ.

ಇನ್ನೊಂದು ಮಾತು ನನ್ನನ್ನು ಸದಾ ಕಾಡುತ್ತದೆ. ಸುರಪುರದ ಕೊನೆಯ ರಾಜರ ಬಾಲ್ಯ, ಸೆರೆ, ಸಾವು, ಇವುಗಳನ್ನು ತಿಳಿಯಲು ನಾವು ಹೆಚ್ಚಾಗಿ ಟೇಲರ್ ಅವರ ಪುಸ್ತಕವನ್ನೇ ತೆರೆಯಬೇಕಾಗಿದೆ. ನಮ್ಮ ಊರಿನ ಕಥೆ ಹೊರಗಿನವರ ಕಣ್ಣಿನಿಂದ ನಮಗೆ ಬಂದಿದೆ. ನಾವು ಬರೆಯದಿದ್ದರೆ ನಮ್ಮ ಬಗ್ಗೆ ಬೇರೆಯವರು ಬರೆಯುತ್ತಾರೆ, ತಮಗೆ ಕಂಡಂತೆ ಬರೆಯುತ್ತಾರೆ.

ಆದ್ದರಿಂದ ಪ್ರತಿ ಮನೆಯಲ್ಲಿ ಮಗುವಿಗೊಂದು ಪ್ರತ್ಯೇಕ ನೋಟ್‌ಬುಕ್ ಇರಲಿ. ಅದಕ್ಕೆ ಅಂಕವೂ ಬೇಡ, ಕೆಂಪು ಶಾಯಿಯ ತಿದ್ದುಪಡಿಯೂ ಬೇಡ. ರಾತ್ರಿ ಊಟದ ನಂತರ ಅರ್ಧ ಗಂಟೆ ಟಿ.ವಿ., ಮೊಬೈಲ್ ಬಂದ್ ಆಗಲಿ. ದಾದಿಯವರು ಕಂಡ ಬರಗಾಲ, ನಾನಾ ಅವರು ಹೇಳುವ ಸಂತೆಯ ಸುದ್ದಿ, ಅಮ್ಮಿಯ ಮದುವೆಯ ದಿನದ ಮಳೆ, ಇವೆಲ್ಲ ಬರೆಯುವ ವಿಷಯಗಳೇ. ಉರ್ದುವಿನಲ್ಲಿ ಬರೆದರೂ ಸರಿ, ಕನ್ನಡದಲ್ಲಿ ಬರೆದರೂ ಸರಿ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವುದು ನಮ್ಮ ಮಕ್ಕಳ ಕೊರತೆಯಲ್ಲ, ಅವರ ಆಸ್ತಿ. ಪಾಲಕರು ಓದು ಬಾರದವರಾದರೆ ಚಿಂತೆ ಬೇಡ. ಮಗು ಓದಿ ಹೇಳಲಿ, ನೀವು ಕೇಳಿರಿ, ಅಷ್ಟೇ ಸಾಕು.

ಸಂಘದ ಮುಂದಿನ ಸಂಚಿಕೆಗೆ ಆ ನೋಟ್‌ಬುಕ್‌ಗಳಿಂದಲೇ ಲೇಖನಗಳು ಬರಲಿ ಎಂದು ಹಾರೈಸುತ್ತೇನೆ.