ಬೆಳಕಲ್ಲಿ ಮಾತು ಕಳಿಸಿದವನಿಗೆ ಸನ್ನೆ ಭಾಷೆ ಯಾಕೆ ಬೇಡವಾಯ್ತು?

ಇಂಜಿನಿಯರಿಂಗ್ ಓದುವಾಗ ನನ್ನ ಪಾಲಿಗೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂದ್ರೆ ಟೆಲಿಫೋನ್, ಅಷ್ಟೇ. ಆದರೆ ಬೆಲ್ ತನ್ನ ಅತಿ ದೊಡ್ಡ ಆವಿಷ್ಕಾರ ಅಂತ ನಂಬಿದ್ದು ಫೋಟೊಫೋನನ್ನು. ಆ ಕತೆ ಓದಿದ ಮೇಲೆ ನನಗೆ ಬೆಲ್ ಬಗ್ಗೆ ಬೆರಗು, ಸಿಟ್ಟು ಎರಡೂ ಇದೆ.

1847ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಬೆಲ್‌ನ ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆಕೆಗಾಗಿ ಹುಡುಗ ಬೆರಳಕ್ಷರ ಕಲಿತ. ಮುಂದೆ ಅಮೆರಿಕದಲ್ಲಿ ಕಿವುಡ ಮಕ್ಕಳ ಮೇಷ್ಟ್ರಾದ. 1877ರಲ್ಲಿ ಮದುವೆಯಾದ ಮೇಬಲ್ ಕೂಡ ಬಾಲ್ಯದ ಜ್ವರದಲ್ಲಿ ಶ್ರವಣಶಕ್ತಿ ಕಳೆದುಕೊಂಡವಳು.

1880ರಲ್ಲಿ ವಾಷಿಂಗ್ಟನ್ನಿನ ಶಾಲೆಯೊಂದರ ಛಾವಣಿ ಮೇಲೆ ಸಹಾಯಕ ಟೇಂಟರ್ ನಿಂತ. ಸುಮಾರು 213 ಮೀಟರ್ ದೂರದ ಲ್ಯಾಬಿನಲ್ಲಿ ಬೆಲ್. ಟೇಂಟರ್ ಮಾತಾಡಿದಂತೆ ತೆಳು ಕನ್ನಡಿ ಕಂಪಿಸಿತು, ಅದರಿಂದ ಪ್ರತಿಫಲಿಸಿದ ಬಿಸಿಲೂ ಏರಿಳಿಯಿತು. ಈಚೆ ಬದಿಯ ಸೆಲೆನಿಯಂ ಆ ಏರಿಳಿತವನ್ನು ವಿದ್ಯುತ್ತಾಗಿ ಬದಲಿಸಿತು, ದನಿ ಕೇಳಿಸಿತು. ತಂತಿಯೇ ಇಲ್ಲ! ಮೋಡ, ಮಂಜು ಬಂದರೆ ಮಾತ್ರ ಕೆಲಸ ಕೆಟ್ಟಿತು.

ಇವತ್ತಿನ ಡೇಟಾ ಸೆಂಟರ್‌ಗಳಲ್ಲಿ ಇರೋದು ಇದೇ ತತ್ವ. ಬಿಸಿಲಿನ ಜಾಗದಲ್ಲಿ ಪುಟಾಣಿ ಲೇಸರ್‌ಗಳ ಸಾಲು, ಸೆಲೆನಿಯಂ ಜಾಗದಲ್ಲಿ ಫೋಟೊಡಯೋಡ್‌ಗಳ ಸಾಲು, ನಡುವೆ ಅಕ್ಕಪಕ್ಕ ಜೋಡಿಸಿದ ಗಾಜಿನ ಎಳೆಗಳು. ಒಂದೇ ದಾರಿಯಲ್ಲಿ ನುಗ್ಗುವ ಬದಲು ಡೇಟಾ ಹತ್ತಾರು ದಾರಿಗಳಲ್ಲಿ ಏಕಕಾಲಕ್ಕೆ ಓಡುತ್ತೆ. ಮೋಡದ ಕಾಟವೂ ಇಲ್ಲ.

ಇನ್ನು ಸಿಟ್ಟಿನ ಭಾಗ. 1883ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಮುಂದೆ ಬೆಲ್ ಪ್ರಬಂಧ ಮಂಡಿಸಿದ: ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಕಿವುಡ ಮನುಷ್ಯರ ಬೇರೆಯೇ ತಳಿ ಹುಟ್ಟುತ್ತೆ ಅಂತ. ಇದನ್ನು ತಡೆಯಲು ಕಿವುಡರ ವಸತಿಶಾಲೆ, ಸನ್ನೆ ಭಾಷೆ, ಕಿವುಡ ಶಿಕ್ಷಕರು, ಮೂರನ್ನೂ ದೂರ ಮಾಡಬೇಕೆಂದ. ತುಟಿ ನೋಡಿ ತಿಳಿ, ಬಾಯಲ್ಲೇ ಮಾತಾಡು ಅನ್ನೋದು ಅವನ ಪಾಠ. ಕಿವುಡರ ಸಂಘಟನೆಗಳು ವಿರೋಧಿಸಿದವು. ಬೆಲ್‌ಗೆ ಕಿವಿ ಚೆನ್ನಾಗಿತ್ತು, ಆದರೂ ಕೇಳಲಿಲ್ಲ.

ಸನ್ನೆ ಭಾಷೆಯೂ ಬೆಳಕಲ್ಲೇ ಸಾಗುವ ಮಾತು ತಾನೆ? ಕೈಯಿಂದ ಹೊರಟು ಕಣ್ಣು ಸೇರುತ್ತೆ. ತಾಯಿಗೋಸ್ಕರ ಬೆರಳಲ್ಲಿ ಮಾತಾಡಿದವನಿಗೆ ಇದು ಗೊತ್ತಿರಲಿಲ್ಲ ಅಂದ್ರೆ ನಾನು ನಂಬಲ್ಲ. ಜನರಿಗೆ ಏನು ಬೇಕೆಂದು ಅವರನ್ನೇ ಕೇಳದೆ ಉದ್ಧಾರಕ್ಕೆ ಹೊರಟರೆ ಎಂಥ ಜಾಣನೂ ಹೀಗಾಗ್ತಾನೆ.

1922ರಲ್ಲಿ ಬೆಲ್ ತೀರಿಕೊಂಡಾಗ, ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನುಗಳು ಒಂದು ನಿಮಿಷ ಮೌನವಾದವು. ನನಗೆ ನೆನಪಾಗುವುದು ಮಾತ್ರ ಆ ಛಾವಣಿಯ ದಿನ. ಕೇಳಿಸಿದರೆ ಕಿಟಕಿಗೆ ಬಂದು ಹ್ಯಾಟು ಬೀಸು ಅಂದಿದ್ದ ಟೇಂಟರ್. ಬೆಲ್ ಬೀಸಿದ. ಬೆಳಕಲ್ಲಿ ಬಂದ ಮಾತಿಗೆ ಅವನು ಕೊಟ್ಟ ಉತ್ತರವೂ ಒಂದು ಕೈಸನ್ನೆಯೇ.